ಧ್ವನಿವರ್ಧಕದ ಗುಂಯ್‌ಗುಟ್ಟುವಿಕೆ

ಸೆಕೆಂಡಿಗೆ 256 ಆವರ್ತಗಳ ಸ್ವರವನ್ನೂ 260 ಆವರ್ತಗಳ ಸ್ವರವನ್ನೂ ಒಟ್ಟಿಗೆ ನುಡಿಸಿದರೆ ನಾದವು ಸೆಕೆಂಡಿಗೆ ನಾಲ್ಕು ಬಾರಿ ಉಬ್ಬಿ ಇಳಿಯುತ್ತದೆ. ಈ ವಿಸ್ಪಂದವನ್ನು ವಿದ್ಯಾರ್ಥಿಗಳ ಕಿವಿಗೆ ಮುಟ್ಟಿಸಬೇಕೆಂದು 2024ರ ಫೆಬ್ರವರಿಯಲ್ಲಿ ನಾವು ಹುಮನಾಬಾದದಿಂದ ಬಸವಕಲ್ಯಾಣದ ಶಾಲೆಯೊಂದಕ್ಕೆ ಲ್ಯಾಪ್‌ಟಾಪ್ ಹೊತ್ತು ಹೋಗಿದ್ದೆವು. ಅದನ್ನು ಸಭಾಂಗಣದ ವರ್ಧಕಕ್ಕೆ ಜೋಡಿಸಿದೊಡನೆ ಕೇಳಿಬಂದುದು ವಿಸ್ಪಂದವಲ್ಲ. ದುಂಬಿಗಳ ಹಿಂಡು ಹೊಕ್ಕಂತಹ ಗುಂಯ್ ಎಂಬ ಸದ್ದು.

"ಸರ, ಪ್ಲಗ್ಗಿನ ದಪ್ಪ ಕಡ್ಡಿಯ ತಂತಿ ತೆಗದ್ರ ಸದ್ದು ನಿಂದರ್ತದರಿ" ಎಂದು ವಿದ್ಯಾರ್ಥಿಯೊಬ್ಬನು ತಿರುಪುಳಿ ಹಿಡಿದು ಮುಂದೆ ಬಂದನು. ಅವನ ಮಾತು ಸುಳ್ಳಲ್ಲ. ಆದರೂ ನಾವು ಹಾಗೆ ಮಾಡಗೊಡಲಿಲ್ಲ.

ಮೊದಲು ಸದ್ದಿನ ಮೂಲವನ್ನು ಹುಡುಕಬೇಕಷ್ಟೆ. ವರ್ಧಕದ ಬಿರಡೆಯನ್ನು ಪೂರ್ತಿ ಇಳಿಸಿದೆವು, ಸದ್ದು ಅಡಗಿತು. ಎಂದರೆ ಅದು ಬಿರಡೆಗಿಂತ ಮುಂಚೆ, ಸಂಕೇತವು ಒಳಬರುವ ದಾರಿಯಲ್ಲಿಯೇ ಸೇರುತ್ತಿದೆ. ಇಳಿಸಿದ ಮೇಲೂ ಉಳಿದಿದ್ದರೆ ವರ್ಧಕದೊಳಗಿನ ಕಂಡೆನ್ಸರ್ ಒಣಗಿರಬಹುದೆಂದು ಶಂಕಿಸುತ್ತಿದ್ದೆವು. ಆಗ ಸದ್ದು ಸಾಮಾನ್ಯವಾಗಿ 50ರದಲ್ಲ, 100 ಆವರ್ತಗಳದು. ಬಳಿಕ ಲ್ಯಾಪ್‌ಟಾಪಿನ ಚಾರ್ಜರನ್ನು ಗೋಡೆಯಿಂದ ಕಿತ್ತೆವು. ಯಂತ್ರವು ಬ್ಯಾಟರಿಯ ಮೇಲೆ ನಡೆಯತೊಡಗಿತು, ಸಭಾಂಗಣ ನಿಶ್ಶಬ್ದ!

ಕಾರಣ ಹೊಳೆಯಿತು. ಚಾರ್ಜರು ಒಂದು ಗೋಡೆಯ ಪ್ಲಗ್ಗಿನಲ್ಲಿ, ವರ್ಧಕವು ವೇದಿಕೆಯ ಪ್ಲಗ್ಗಿನಲ್ಲಿ. ಎರಡಕ್ಕೂ ಭೂಸಂಪರ್ಕದ ಗುಂಡಿಗಳು ಬೇರೆ ಬೇರೆ. ಉಪ್ಪು ಇದ್ದಿಲು ತುಂಬಿದ ಗುಂಡಿಯಾದರೂ ತೇವವಿದ್ದರೆ ಮಾತ್ರ ವಿದ್ಯುತ್ತನ್ನು ಚೆನ್ನಾಗಿ ವಹಿಸುತ್ತದೆ. ನಮ್ಮ ಬೀದರ ಸೀಮೆಯ ಜಂಬಿಟ್ಟಿಗೆ ನೆಲವೋ, ರಂಧ್ರಮಯವಾದುದು. ನೀರು ಬೇಗ ಇಂಗಿ ಹೋಗುತ್ತದೆ. ಆದುದರಿಂದ ಎರಡು 'ಭೂಮಿ'ಗಳೂ ಒಂದೇ ವಿದ್ಯುನ್ಮಟ್ಟದಲ್ಲಿರಲಿಲ್ಲ. ಆ ಅಲ್ಪ ಅಂತರವು ಧ್ವನಿತಂತಿಯ ಹೊರಕವಚದ ಮೂಲಕ 50 ಆವರ್ತಗಳ ಪ್ರವಾಹವನ್ನು ಹರಿಸುತ್ತಿತ್ತು. ಲ್ಯಾಪ್‌ಟಾಪಿನಿಂದ ಬರುವ ಸಂಕೇತವೇ ಸುಮಾರು ಒಂದು ವೋಲ್ಟಿನದು. ಅದರೊಡನೆ ಕೆಲವು ಮಿಲಿವೋಲ್ಟುಗಳು ಬೆರೆತರೂ ವರ್ಧಕವು ಪಕ್ಷಪಾತವಿಲ್ಲದೆ ಎರಡನ್ನೂ ಹಿಗ್ಗಿಸುತ್ತದೆ.

ಭೂಸಂಪರ್ಕವನ್ನು ಕಡಿದರೆ ಈ ಸುತ್ತು ಮುರಿದು ಸದ್ದು ನಿಲ್ಲುವುದು ನಿಜ. ಆದರೆ ವರ್ಧಕದ ಪೆಟ್ಟಿಗೆ ಲೋಹದ್ದು. ಒಳಗಿನ 230 ವೋಲ್ಟಿನ ತಂತಿಯೊಂದು ಹೊದಿಕೆ ಸವೆದು ಪೆಟ್ಟಿಗೆಗೆ ತಾಗಿತೆನ್ನಿ. ಭೂಸಂಪರ್ಕವಿದ್ದರೆ ಭಾರಿ ಪ್ರವಾಹ ಹರಿದು ಫ್ಯೂಸು ಸುಡುತ್ತದೆ. ಇಲ್ಲದಿದ್ದರೆ ಪೆಟ್ಟಿಗೆಯು 230 ವೋಲ್ಟಿನಲ್ಲಿ ಮೌನವಾಗಿ ಕಾದಿರುತ್ತದೆ. ಮುಟ್ಟಿದವನ ದೇಹವೇ ನೆಲಕ್ಕೆ ದಾರಿ. ಮೈಕಿನ ತಂತಿಯ ಕವಚದ ಮೂಲಕ, ಪ್ರಾರ್ಥನೆ ಹಾಡುವ ಮಗುವಿನ ಕೈಗೂ ಅದು ತಲಪಬಹುದು.

ನಾವು ಮಾಡಿದುದಿಷ್ಟೆ: ಭೂತಂತಿಯುಳ್ಳ ಎಕ್ಸ್‌ಟೆನ್ಷನ್ ಬೋರ್ಡೊಂದನ್ನು ತರಿಸಿ ಎರಡನ್ನೂ ಅದಕ್ಕೇ ಸೇರಿಸಿದೆವು. ಭೂಸಂಪರ್ಕ ಉಳಿಯಿತು, ಸದ್ದು ಅಳಿಯಿತು. ಇದು ಸಾಧ್ಯವಾಗದ ಕಡೆ ಧ್ವನಿತಂತಿಯ ನಡುವೆ ಸಣ್ಣ ಐಸೋಲೇಷನ್ ಟ್ರಾನ್ಸ್‌ಫಾರ್ಮರೊಂದನ್ನು ಇಡುವುದುಂಟು. ಅದರಲ್ಲಿ ಸಂಕೇತವು ಕಾಂತಕ್ಷೇತ್ರದ ಮೂಲಕ ದಾಟುತ್ತದೆ; ತಂತಿಗೆ ತಂತಿ ತಾಗುವುದಿಲ್ಲ.

ಮನೆಯ ಗಣಕದ ಚಿಕ್ಕ ಸ್ಪೀಕರುಗಳ ರೋಗಗಳು ಇಷ್ಟು ಗಹನವಲ್ಲ. ಬಿರಡೆ ತಿರುವಿದಾಗ ಕರಕರ ಎಂದರೆ ಒಳಗೆ ಧೂಳು ಸೇರಿದೆ. ಮಂದ್ರಸ್ವರಗಳು ಬಡವಾಗಿದ್ದರೆ ಒಂದು ಸ್ಪೀಕರಿನ ತಂತಿಗಳು ಅದಲುಬದಲಾಗಿರಬಹುದು. ಒಂದರ ಶಂಕು ಮುಂದೆ ಬರುವಾಗ ಇನ್ನೊಂದರದು ಹಿಂದೆ ಸರಿದು, ಎರಡರ ಅಲೆಗಳೂ ಪರಸ್ಪರ ಕುಂದುತ್ತವೆ.

ಅಂದು ವಿಸ್ಪಂದವು ಸ್ಪಷ್ಟವಾಗಿ ಕೇಳಿಸಿತು. ಎರಡನೆಯ ಸ್ವರವನ್ನು 257ಕ್ಕೆ ಇಳಿಸಿದಾಗ ಸೆಕೆಂಡಿಗೆ ಒಂದೇ ಉಬ್ಬರ. ತಿರುಪುಳಿಯನ್ನು ಜೇಬಿಗೆ ಸೇರಿಸಿದ್ದ ಹುಡುಗನು ಗಡಿಯಾರ ನೋಡುತ್ತ ಅದನ್ನು ಎಣಿಸುತ್ತಿದ್ದನು.