ತೋಟಾ ತುಂಬುವವನ ಮೇಜು

ರೈಫಲು ಒಮ್ಮೆ ಮೊಳಗಿತೆಂದರೆ ತೋಟಾದೊಳಗಿನ ಮದ್ದು ಕ್ಷಣಾರ್ಧದಲ್ಲಿ ಅನಿಲರೂಪ ತಾಳಿ ಹೋಗುತ್ತದೆ, ಮದ್ದಿಗೆ ಕಿಡಿ ಮುಟ್ಟಿಸಿದ ಕೇಪು ಜಜ್ಜಿ ನಿರುಪಯುಕ್ತವಾಗುತ್ತದೆ, ಗುಂಡು ಗುರಿಯನ್ನೋ ಗುರಿಯ ಹಿಂದಣ ಮಣ್ಣದಿಬ್ಬವನ್ನೋ ಹೊಕ್ಕು ಕಣ್ಮರೆಯಾಗುತ್ತದೆ. ಆದರೆ ಈ ಮೂರನ್ನೂ ತನ್ನಲ್ಲಿ ಧರಿಸಿದ್ದ ಹಿತ್ತಾಳೆಯ ಕೋಶ ಮಾತ್ರ, ಮಸಿ ಹಿಡಿದು ಕೊಂಚ ಉಬ್ಬಿದ್ದರೂ ಮೂಲಾಕೃತಿಯನ್ನು ಕಳೆದುಕೊಳ್ಳದೆ, ಹೊಡೆದವನ ಕಾಲಬಳಿ ಬಿದ್ದಿರುತ್ತದೆ. ನೂರಕ್ಕೆ 70 ಪಾಲು ತಾಮ್ರವೂ 30 ಪಾಲು ಸತುವೂ ಬೆರೆತ ಈ ಕೋಶವೇ ತೋಟಾದ ನಾಲ್ಕು ಅಂಗಗಳಲ್ಲಿ ಸಾಮಾನ್ಯವಾಗಿ ಹೆಚ್ಚು ಬೆಲೆಯುಳ್ಳದ್ದು. ಎಚ್ಚರದಿಂದ ನಡೆಸಿಕೊಂಡರೆ ಹಲವು ಬಾರಿ ಮರಳಿ ತುಂಬಿಸಿಕೊಳ್ಳಬಲ್ಲದ್ದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬೇಟೆಗಾರರೂ ಗುರಿಕಾರರೂ ಮನೆಯ ಗ್ಯಾರೇಜಿನಲ್ಲಿ ಒಂದು ಗಟ್ಟಿ ಮೇಜನ್ನು ಹೂಡಿ ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುವ ಹವ್ಯಾಸ ಬೇರೂರಿರುವುದು ಈ ಮಿತವ್ಯಯದ ವಿಚಾರದಿಂದಲೂ, ತನ್ನದೇ ಕೋವಿಗೆ ಒಗ್ಗುವ ತೋಟಾ ಅಂಗಡಿಯದಕ್ಕಿಂತ ನಿಖರವಾದೀತೆಂಬ ಆಸೆಯಿಂದಲೂ.

ಅಲ್ಲಿನ ಫೆಡರಲ್ ಕಾನೂನು ಸ್ವಂತ ಉಪಯೋಗಕ್ಕೆ ತೋಟಾ ತುಂಬುವವನಿಂದ ಪರವಾನಗಿಯನ್ನು ಬೇಡುವುದಿಲ್ಲ. ತುಂಬಿದ್ದನ್ನು ವ್ಯಾಪಾರಕ್ಕಿಟ್ಟರೆ ಬೇಡುತ್ತದೆ. ನಮ್ಮಲ್ಲಿ ಸಂಗತಿ ಬೇರೆ. 1959ರ ಆಯುಧ ಅಧಿನಿಯಮದ ಐದನೆಯ ಪ್ರಕರಣದ ಮೇರೆಗೆ ಮದ್ದುಗುಂಡುಗಳ ತಯಾರಿಕೆಗೆ ಪರವಾನಗಿ ಕಡ್ಡಾಯವಾಗಿದ್ದು, ಕೋವಿ ಇಟ್ಟುಕೊಳ್ಳುವ ವಿಷಯದಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ದೊರೆತಿರುವ ವಿನಾಯಿತಿಯು ತೋಟಾ ತಯಾರಿಕೆಗೂ ಸಲ್ಲುವುದೆಂದು ಭಾವಿಸಿದವನು ತೊಂದರೆಗೆ ಸಿಲುಕುವನು. ಆದುದರಿಂದ ಈ ಲೇಖನವು ಪರದೇಶದ ಕಸುಬೊಂದರ ಪರಿಚಯವೇ ಹೊರತು ಇಲ್ಲಿ ಅನುಸರಿಸತಕ್ಕ ವಿಧಿಯಲ್ಲ. ತೇಜಸ್ವಿಯವರ ಅನುವಾದಗಳ ಮೂಲಕ ಕೆನೆತ್ ಆಂಡರ್ಸನ್ನನ ಬೇಟೆಯ ಕಥೆಗಳನ್ನು ಓದಿದ ಕನ್ನಡಿಗರಿಗೆ ಕೋವಿ ತೋಟಾಗಳ ಲೋಕ ಅಪರಿಚಿತವೇನಲ್ಲ. ಅಮೆರಿಕದಲ್ಲಿ ನೆಲಸಿರುವ ನಮ್ಮವರಲ್ಲಿ ಯಾರಾದರೂ ಈ ಗೀಳಿಗೆ ಬಿದ್ದಿದ್ದರೆ ಅವರಿಗೆ ಇದು ಉಪಯೋಗಕ್ಕೂ ಬಂದೀತು.

ಈ ಕಸುಬು ಸಾಧ್ಯವಾದದ್ದು ಒಂದು ಸಣ್ಣ ರಂಧ್ರದಿಂದ. ಹತ್ತೊಂಬತ್ತನೆಯ ಶತಮಾನದ ಅರುವತ್ತರ ದಶಕದಲ್ಲಿ ಅಮೆರಿಕದ ಹೈರಂ ಬರ್ಡನ್ನನೂ ಇಂಗ್ಲೆಂಡಿನ ವುಲಿಚ್ ಶಸ್ತ್ರಾಗಾರದ ಎಡ್ವರ್ಡ್ ಬಾಕ್ಸರನೂ ಎರಡು ಬಗೆಯ ಕೇಪುಗಳನ್ನು ರೂಪಿಸಿದರು. ಬರ್ಡನ್ನನ ಪದ್ಧತಿಯಲ್ಲಿ ಕೇಪು ಕೂರುವ ಕುಳಿಯ ತಳದಲ್ಲಿ ಕಿಡಿ ಹಾಯಲು ಎರಡು ಕಿರುರಂಧ್ರಗಳು ಮಗ್ಗುಲಿಗಿರುತ್ತವೆ. ಬಾಕ್ಸರನ ಪದ್ಧತಿಯಲ್ಲಿ ನಟ್ಟನಡುವೆ ಒಂದೇ ರಂಧ್ರ. ಕೋಶದ ಬಾಯಿಂದ ಉಕ್ಕಿನ ಕಡ್ಡಿಯೊಂದನ್ನು ನೇರವಾಗಿ ಇಳಿಸಿ, ಆ ನಡುರಂಧ್ರದ ಮೂಲಕ ಹಳೆಯ ಕೇಪನ್ನು ಹೊರದಬ್ಬುವುದು ಬಾಕ್ಸರನ ಕೋಶದಲ್ಲಿ ಮಕ್ಕಳಾಟ. ಬರ್ಡನ್ನನದರಲ್ಲಿ ಕಡ್ಡಿ ತಗುಲುವುದು ಬರಿಯ ಹಿತ್ತಾಳೆಗೆ. ವಿಧಿಯ ವಿನೋದವೆಂಬಂತೆ ಆಂಗ್ಲನ ಕೇಪು ಅಮೆರಿಕದಲ್ಲಿ ರೂಢಿಗೆ ಬಂದು, ಅಮೆರಿಕನದು ಯೂರೋಪಿನ ಸೈನ್ಯಗಳಿಗೆ ಹೋಯಿತು. ಆದ್ದರಿಂದ ಖಾಲಿ ಕೋಶಗಳನ್ನು ಆಯ್ದುಕೊಳ್ಳುವವನು ಮೊದಲು ಮಾಡಬೇಕಾದ ಕೆಲಸವೆಂದರೆ ಒಂದು ಕೈದೀಪವನ್ನು ಹಿಡಿದು ಕೋಶದೊಳಕ್ಕೆ ಇಣುಕುವುದು.

ಇನ್ನು ಉಪಕರಣಗಳು. ಅಂಗಡಿಗೆ ಕಾಲಿಟ್ಟ ಹೊಸಬನ ಕಣ್ಣು ಮೊದಲು ಹೋಗುವುದು ಪ್ರೆಸ್ಸಿನ ಕಡೆಗೆ. ಎರಕದ ಮೈ, ಉದ್ದನೆಯ ಹಿಡಿ, ಹೊಳೆಯುವ ಕಂಬ ಇವುಗಳಿಂದ ಅದೇ ಸಮಸ್ತ ಕಾರ್ಯಕ್ಕೂ ಅಧಿಪತಿಯೆಂಬಂತೆ ತೋರುತ್ತದೆ. ಆದರೆ ಹಿಂದೆ ಈ ಕೆಲಸ ಪ್ರೆಸ್ಸಿಲ್ಲದೆಯೂ ನಡೆಯುತ್ತಿದ್ದಿತು. 1884ರ ಸುಮಾರಿಗೆ ಜಾನ್ ಬಾರ್ಲೋ ಎಂಬಾತನು ಕನೆಕ್ಟಿಕಟ್ಟಿನಲ್ಲಿ ಸ್ಥಾಪಿಸಿದ ಐಡಿಯಲ್ ಕಾರ್ಖಾನೆಯು ಇಕ್ಕಳದ ಆಕಾರದ ಕೈಯುಪಕರಣಗಳನ್ನು ಮಾರುತ್ತಿದ್ದು, ಅವುಗಳನ್ನು ಚೀಲದಲ್ಲಿ ಹಾಕಿಕೊಂಡು ಹೋದ ಬೇಟೆಗಾರನು ಬಿಡಾರದಲ್ಲಿಯೇ ಮರುದಿನದ ತೋಟಾಗಳನ್ನು ಸಿದ್ಧಪಡಿಸಿಕೊಳ್ಳಬಹುದಾಗಿತ್ತು. ವಿಸ್ಕಾನ್ಸಿನ್ನಿನ ರಿಚರ್ಡ್ ಲೀ ತಯಾರಿಸಿದ ಅಗ್ಗದ ಪೆಟ್ಟಿಗೆಯಲ್ಲಿಯೂ ಪ್ರೆಸ್ಸಿರಲಿಲ್ಲ. ಕೋಶವನ್ನು ಉಕ್ಕಿನ ಅಚ್ಚಿಗೆ ತೂರಿಸಿ ಕೊಡತಿಯಿಂದ ಬಡಿಯುವುದು, ಪುಟ್ಟ ಸೌಟಿನಿಂದ ಮದ್ದನ್ನು ಅಳೆದು ಸುರಿಯುವುದು, ಮತ್ತೊಮ್ಮೆ ಬಡಿದು ಗುಂಡನ್ನು ಕೂರಿಸುವುದು, ಇಷ್ಟೇ. ಒಬ್ಬ ರೈತನು ವರ್ಷದ ಜಿಂಕೆ ಬೇಟೆಗೆಂದು ಒಂದು ಪೆಟ್ಟಿಗೆ ತೋಟಾ ತುಂಬಿಕೊಳ್ಳುವುದಾದರೆ ಅದೂ ಸಾಕು.

ಪ್ರೆಸ್ಸನ್ನೇ ಕೊಳ್ಳುವೆನೆಂಬವನಿಗೆ ಮೂರು ದಾರಿಗಳಿವೆ. ಹಿಡಿಯನ್ನು ಒಮ್ಮೆ ಎಳೆದರೆ ಒಂದೇ ಕಾರ್ಯ ಮಾಡುವ ಏಕಘಟ್ಟದ ಪ್ರೆಸ್ಸು. ತಿರುಗುವ ತಲೆಯಲ್ಲಿ ಹಲವು ಅಚ್ಚುಗಳನ್ನು ಹೊತ್ತ ಟರೆಟ್ ಪ್ರೆಸ್ಸು. ಒಂದೊಂದು ಎಳೆತಕ್ಕೂ ಒಂದೊಂದು ಪೂರ್ಣ ತೋಟಾವನ್ನು ಉದುರಿಸುವ ಪ್ರೊಗ್ರೆಸಿವ್ ಪ್ರೆಸ್ಸು. ಮೂರನೆಯದರ ಮೋಹ ಸಹಜವಾದದ್ದೇ. ಆದರೆ ಅದರಲ್ಲಿ ನಾಲ್ಕೈದು ಕೋಶಗಳು ಏಕಕಾಲದಲ್ಲಿ ನಾಲ್ಕೈದು ಅವಸ್ಥೆಗಳಲ್ಲಿರುವುದರಿಂದ, ಯಾವ ಘಟ್ಟದಲ್ಲಿ ಏನು ತಪ್ಪಿತೆಂಬುದನ್ನು ಅನುಭವಿಯ ಕಣ್ಣು ಮಾತ್ರ ಗುರುತಿಸೀತು. ರೈಫಲಿನ ತೋಟಾ ತುಂಬಲು ಆರಂಭಿಸುವವನಿಗೆ ಏಕಘಟ್ಟದ ಪ್ರೆಸ್ಸೇ ಯೋಗ್ಯವೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಅದರ ನಿಧಾನವನ್ನು ದೋಷವೆಂದು ಎಣಿಸುವವರಿದ್ದಾರೆ. ಕಲಿಯುವವನಿಗೆ ಅದು ಉಪಕಾರ. ಅದರಲ್ಲಿಯೂ ಮೈಯನ್ನು ಒಂದು ಕಡೆ ತೆರೆದಿಟ್ಟಿರುವ ಮಾದರಿಗಿಂತ ಉಂಗುರದಂತೆ ಮುಚ್ಚಿಕೊಂಡಿರುವ ಎರಕದ ಕಬ್ಬಿಣದ್ದು ಹೊರೆ ಬಿದ್ದಾಗ ಬಾಗುವುದು ಕಡಿಮೆ. ಫ್ರೆಡ್ ಹಂಟಿಂಗ್‌ಟನ್ 1943ರಲ್ಲಿ ಕ್ಯಾಲಿಫೋರ್ನಿಯದ ಓರೋವಿಲ್ಲಿನಲ್ಲಿ ಆರಂಭಿಸಿದ ಆರ್‌ಸಿಬಿಎಸ್‌ನವರ ರಾಕ್ ಚಕ್ಕರ್ ಈ ಜಾತಿಯದು. ಇಂತಹ ಪ್ರೆಸ್ಸು ಸವೆಯುವುದು ಅಪರೂಪವಾದ್ದರಿಂದ ಇನ್ನೊಬ್ಬನು ಬಳಸಿದ್ದನ್ನು ಅರ್ಧ ಬೆಲೆಗೆ ಕೊಳ್ಳಲು ಹಿಂಜರಿಯಬೇಕಾಗಿಲ್ಲ. ಅಚ್ಚುಗಳ ತಿರುಪು ಬಹುತೇಕ ಎಲ್ಲ ತಯಾರಕರಲ್ಲಿಯೂ ಅಂಗುಲದ ಎಂಟರಲ್ಲಿ ಏಳು ಪಾಲಿನ ವ್ಯಾಸ, ಅಂಗುಲಕ್ಕೆ 14 ಸುತ್ತು ಎಂಬ ಒಂದೇ ಅಳತೆಯದಾದ್ದರಿಂದ, ಒಬ್ಬರ ಪ್ರೆಸ್ಸಿನಲ್ಲಿ ಇನ್ನೊಬ್ಬರ ಅಚ್ಚು ಕೂರುತ್ತದೆ.

ರೈಫಲಿಗೆ ಸಾಮಾನ್ಯವಾಗಿ ಎರಡು ಅಚ್ಚುಗಳು ಬೇಕು. ಮೊದಲನೆಯದು ಉಬ್ಬಿದ ಕೋಶವನ್ನು ಹಿಂದಿನ ಅಳತೆಗೆ ತಂದು, ಅದೇ ಎಳೆತದಲ್ಲಿ ಸತ್ತ ಕೇಪನ್ನು ಹೊರಹಾಕುವುದು. ಎರಡನೆಯದು ಗುಂಡನ್ನು ಕೋಶದ ಕತ್ತಿನಲ್ಲಿ ತಕ್ಕ ಆಳಕ್ಕೆ ಕೂರಿಸುವುದು. ಮೊದಲನೆಯದರ ಕೆಲಸವನ್ನು ಹತ್ತಿರದಿಂದ ನೋಡತಕ್ಕದ್ದು. ಕೋಶದ ಮೈಗೆ ಬೆರಳ ತುದಿಯಿಂದ ತೆಳುವಾಗಿ ಜಿಡ್ಡನ್ನು ಸವರಿ ಹಿಡಿಯನ್ನು ಒತ್ತಿದರೆ ಹಿತ್ತಾಳೆಯು ಉಕ್ಕಿನೊಳಕ್ಕೆ ಬಿಗಿಯಾಗಿ, ಆದರೆ ತಡೆಯಿಲ್ಲದೆ ಜಾರುವುದು ಅಂಗೈಗೆ ತಿಳಿಯುತ್ತದೆ. ಜಿಡ್ಡು ಹೆಚ್ಚಾದರೆ ಕೋಶದ ಭುಜದ ಮೇಲೆ ಸಣ್ಣ ಗುಳಿಗಳು ಮೂಡುತ್ತವೆ. ಕಡಮೆಯಾದರೆ ಅನಾಹುತ: ಕೋಶವು ಅರ್ಧದಲ್ಲಿ ಕಚ್ಚಿಕೊಂಡು, ಬಲವಂತವಾಗಿ ಹಿಡಿಯನ್ನು ಹಿಂದೆಳೆದಾಗ ಅದರ ಅಂಚು ಹರಿದು ಹೋಗಿ, ಅಚ್ಚಿನಲ್ಲಿ ಹಿತ್ತಾಳೆಯ ಬಿರಡೆಯೊಂದು ಉಳಿಯುತ್ತದೆ. ಅದನ್ನು ಕೊರೆದು ಕೀಳುವುದಕ್ಕೆಂದೇ ಅಂಗಡಿಯಲ್ಲಿ ಒಂದು ಉಪಕರಣ ಮಾರಾಟಕ್ಕಿದೆ ಎಂದ ಮೇಲೆ ಈ ಅಪಘಾತ ಎಷ್ಟು ಸಾಮಾನ್ಯವೆಂಬುದನ್ನು ವಾಚಕರೇ ಊಹಿಸಬಹುದು. ಹೊಸ ಕೇಪನ್ನು ಕೂರಿಸಲು ಪ್ರೆಸ್ಸಿನಲ್ಲಿಯೇ ಏರ್ಪಾಡಿದ್ದರೂ, ಕೈಯಲ್ಲಿ ಹಿಡಿದು ಒತ್ತುವ ಪ್ರತ್ಯೇಕ ಉಪಕರಣ ಮೇಲು. ಕೇಪು ಕುಳಿಯ ತಳವನ್ನು ಮುಟ್ಟಿ ನಿಂತದ್ದನ್ನು ಹೆಬ್ಬೆರಳು ಅರಿಯುವಷ್ಟು ಸೂಕ್ಷ್ಮವಾಗಿ ಪ್ರೆಸ್ಸಿನ ಉದ್ದ ಹಿಡಿ ಅರಿಯಲಾರದು.

ಹಣವನ್ನು ಧಾರಾಳವಾಗಿ ಚೆಲ್ಲಬೇಕಾದ ಸ್ಥಳ ತಕ್ಕಡಿ. ಈ ಲೋಕದಲ್ಲಿ ಮದ್ದನ್ನು ತೂಗುವುದು ಗ್ರೇನ್ ಎಂಬ ಮಾನದಿಂದ; ಪೌಂಡಿಗೆ 7000 ಗ್ರೇನುಗಳು. ತೋಟಾ ತುಂಬುವವನು ಗ್ರೇನಿನ ಹತ್ತನೆಯ ಒಂದಂಶದವರೆಗೆ ತೂಗಬೇಕಾಗಿರುವುದರಿಂದ, ಚಿನಿವಾರನ ಗುಲಗಂಜಿಯ ಹದಿನೈದನೆಯ ಒಂದು ಪಾಲಿಗಿಂತಲೂ ಕಡಿಮೆಯಾದ ತೂಕವನ್ನು ಅವನ ತಕ್ಕಡಿ ಕಾಣಬಲ್ಲದ್ದಾಗಿರಬೇಕು. ದಂಡದ ಮೇಲೆ ಬೊಟ್ಟು ಸರಿಸುವ ಹಳೆಯ ಮಾದರಿ ನಿಧಾನವಾದದ್ದು, ಬೀಸಣಿಗೆಯ ಗಾಳಿಗೂ ಅಲುಗುವಂಥದ್ದು. ಆದರೆ ಅದಕ್ಕೆ ವಿದ್ಯುತ್ತು ಬೇಡ, ಒಮ್ಮೆ ಸಮಪಾತಳಿಯಲ್ಲಿ ನಿಂತರೆ ಸುಳ್ಳು ಹೇಳುವುದು ವಿರಳ. ವಿದ್ಯುನ್ಮಾನ ತಕ್ಕಡಿ ಚುರುಕಾದದ್ದು, ಆದರೆ ಅಗ್ಗದ ಮಾದರಿಗಳು ಶಾಖ ಹೆಚ್ಚಾದರೆ, ಬ್ಯಾಟರಿ ಕುಗ್ಗಿದರೆ, ಪಕ್ಕದಲ್ಲಿ ಮೊಬೈಲಿಟ್ಟರೆ ಅಂಕಿಗಳನ್ನು ಮೆಲ್ಲನೆ ಜಾರಿಸುತ್ತವೆ. ಜಾರಿಸಿದರೂ ಅವುಗಳ ಮುಖದ ಮೇಲೆ ಸಂಶಯದ ಛಾಯೆಯಿರುವುದಿಲ್ಲ. ಯಾವುದನ್ನು ಕೊಂಡರೂ ಪರೀಕ್ಷಾತೂಕಗಳ ಒಂದು ಚಿಕ್ಕ ಡಬ್ಬಿಯನ್ನು ಜೊತೆಯಲ್ಲಿ ಕೊಳ್ಳತಕ್ಕದ್ದು. ಪ್ರಸಿದ್ಧವಾದ .308 ವಿಂಚೆಸ್ಟರ್ ತೋಟಾದಲ್ಲಿ ಮದ್ದು ಉರಿಯುವಾಗ ಚದರ ಅಂಗುಲಕ್ಕೆ 62,000 ಪೌಂಡುಗಳವರೆಗೆ ಒತ್ತಡಕ್ಕೆ ಅವಕಾಶವಿದೆ. ಆ ಒತ್ತಡ ಹುಟ್ಟುವುದು ಕೆನ್ನೆಗೆ ಆನಿಸಿಕೊಂಡ ಉಕ್ಕಿನೊಳಗೆ ಎಂಬುದನ್ನು ನೆನೆದರೆ ತಕ್ಕಡಿಯ ವಿಷಯದಲ್ಲಿ ಕೃಪಣತೆ ತಾನಾಗಿ ಬಿಟ್ಟುಹೋಗುತ್ತದೆ. ಮದ್ದು ಸುರಿದ ಕೋಶಗಳೆಲ್ಲವನ್ನೂ ಮರದ ಹಲಗೆಯ ಕುಳಿಗಳಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವುದಕ್ಕೆ ಮುಂಚೆ ದೀಪದ ಬೆಳಕಿನಲ್ಲಿ ಒಂದೊಂದರ ಮಟ್ಟವನ್ನೂ ನೋಡುವ ಪದ್ಧತಿಗೆ ಖರ್ಚೇನೂ ಇಲ್ಲ.

ಅಳತೆಯ ಇನ್ನೊಂದು ಸಾಧನ ಕ್ಯಾಲಿಪರು. ಪ್ರತಿ ಸಲ ಹೊಡೆದಾಗಲೂ ಹಿತ್ತಾಳೆಯು ಮುಂದಕ್ಕೆ ಹರಿದು ಕೋಶದ ಕತ್ತು ಉದ್ದವಾಗುತ್ತದೆ. .308ರ ಕೋಶ 2.015 ಅಂಗುಲವನ್ನು ಮೀರಬಾರದು. ಮೀರಿದರೆ ಕತ್ತಿನ ಬಾಯಿ ಕೋವಿಯ ಗಂಟಲಿನಲ್ಲಿ ಸಿಕ್ಕಿ ಗುಂಡನ್ನು ಹಿಸುಕಿ ಹಿಡಿದು, ಒತ್ತಡ ಹದ ತಪ್ಪುತ್ತದೆ. ಉದ್ದವಾದದ್ದನ್ನು 2.005ಕ್ಕೆ ಕತ್ತರಿಸುವ ಒಂದು ಕೈಯುಪಕರಣವೂ, ಕತ್ತರಿಸಿದ ಅಂಚಿನ ಮುಳ್ಳನ್ನು ಒಳಹೊರಗೆ ನಯಗೊಳಿಸುವ ಇನ್ನೊಂದೂ ಇದ್ದರಾಯಿತು. ಕೋಶಗಳನ್ನು ಥಳಥಳಿಸುವಂತೆ ಉಜ್ಜುವ ಯಂತ್ರ, ಮದ್ದನ್ನು ತಾನೇ ಅಳೆದು ಸುರಿಯುವ ವಿದ್ಯುದ್ಯಂತ್ರ ಮೊದಲಾದವು ಮುಂದಿನ ವರ್ಷದ ಮಾತು.

ಪುಸ್ತಕವನ್ನು ಮರೆಯುವವರುಂಟು. ಲೈಮನ್, ಹಾರ್ನಡಿ, ಸ್ಪಿಯರ್ ಮೊದಲಾದ ಸಂಸ್ಥೆಗಳು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಅಚ್ಚುಹಾಕುವ ಕೈಪಿಡಿಗಳಲ್ಲಿ ಯಾವ ಗುಂಡಿಗೆ ಯಾವ ಮದ್ದು, ಎಲ್ಲಿಂದ ಆರಂಭ, ಎಲ್ಲಿಗೆ ಕೊನೆ ಎಂಬುದೆಲ್ಲವೂ ನಿರ್ದಿಷ್ಟವಾಗಿರುತ್ತದೆ. ಪ್ರೆಸ್ಸಿಗೆ ಮುನ್ನವೇ ಅಂಥದೊಂದನ್ನು ಕೊಂಡು ಮೊದಲ ಅಧ್ಯಾಯಗಳನ್ನು ಓದುವವನು ಅನೇಕ ಅನವಶ್ಯಕ ವಸ್ತುಗಳನ್ನು ಕೊಳ್ಳದೆ ಉಳಿಯುತ್ತಾನೆ. ಗೆಳೆಯನು ಬಾಯಲ್ಲಿ ಹೇಳಿದ ಅಂಕಿಗೂ ಅಚ್ಚಾದ ಅಂಕಿಗೂ ಅಂತರವೇಕೆಂಬುದಕ್ಕೆ ಒಂದು ನಿದರ್ಶನ ಸಾಕು. ಎರಡನೆಯ ಮಹಾಯುದ್ಧ ಮುಗಿದಾಗ ಸೈನ್ಯದಲ್ಲಿ ಮಿಕ್ಕಿದ್ದ ಮದ್ದನ್ನು ಬ್ರೂಸ್ ಹಾಜ್ಡನ್ ಎಂಬಾತನು ಕೊಂಡು ಗೃಹಕಸುಬಿಗಳಿಗೆ ಮಾರತೊಡಗಿದನು. ಅವುಗಳಲ್ಲಿ ಒಂದರ ಸಂಖ್ಯೆ 4831. ಮುಂದೆ ಐಎಂಆರ್ ಹೆಸರಿನಲ್ಲಿಯೂ 4831 ಸಂಖ್ಯೆಯ ಮದ್ದೊಂದು ಬಂದಿತು. ಸಂಖ್ಯೆ ಒಂದೇ, ಗುಣ ಒಂದೇ ಅಲ್ಲ: ಐಎಂಆರಿನದು ಹಾಜ್ಡನ್ನನದಕ್ಕಿಂತ ಬೇಗ ಉರಿಯುತ್ತದೆ. ಡಬ್ಬಿಯ ಮೇಲಿನ ಪೂರ್ಣ ಹೆಸರನ್ನು ಓದದೆ ಅಂಕಿಯನ್ನಷ್ಟೇ ನೋಡಿ ತೂಗಿದವನು ಪುಸ್ತಕದ ಮಾತನ್ನು ಪಾಲಿಸಿಯೂ ಅಪಾಯವನ್ನು ಕರೆದುಕೊಂಡಂತಾಗುತ್ತದೆ. ಆದಕಾರಣ ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಇರತಕ್ಕದ್ದೆಂಬುದೂ, ಉಳಿದ ಮದ್ದು ತನ್ನ ಮೂಲ ಡಬ್ಬಿಗೇ ಹಿಂದಿರುಗತಕ್ಕದ್ದೆಂಬುದೂ ಈ ಕಸುಬಿನವರಲ್ಲಿ ಶಾಸನದಷ್ಟು ಗಟ್ಟಿಯಾದ ನಿಯಮ. ಕೇಪುಗಳಿಗೂ ಅದೇ ಗೌರವ: ತಯಾರಕರ ತಟ್ಟೆಯಿಂದ ತೆಗೆದು ಶೀಸೆಯಲ್ಲಿ ರಾಶಿ ಹಾಕಿದರೆ ಒಂದು ಸಿಡಿದಾಗ ಎಲ್ಲವೂ ಸಿಡಿಯುತ್ತವೆ. ಕಣ್ಣಿಗೆ ರಕ್ಷಣೆಯ ಕನ್ನಡಕವನ್ನು ಹೊಸಬನು ಖರೀದಿಯ ಪಟ್ಟಿಯ ಮೇಲ್ತುದಿಯಲ್ಲಿಯೇ ಬರೆದುಕೊಳ್ಳಲಿ.

ಪಟ್ಟಿಯ ಕೆಳತುದಿಯಲ್ಲಿ ಬರೆಯತಕ್ಕದ್ದು ಗುಂಡು ಕೀಳುವ ಸುತ್ತಿಗೆ. ನೋಡಲು ಆಟದ ಸಾಮಾನಿನಂತಿರುವ ಇದರ ಟೊಳ್ಳು ತಲೆಯೊಳಗೆ ಸಂಶಯಾಸ್ಪದವಾದ ತೋಟಾವನ್ನು ಸಿಕ್ಕಿಸಿ ಮರದ ದಿಮ್ಮಿಗೆ ಎರಡು ಮೂರು ಸಲ ಬಡಿದರೆ, ಗುಂಡು ತನ್ನ ಭಾರದಿಂದಲೇ ಕಳಚಿಕೊಂಡು ಮದ್ದಿನೊಡನೆ ತಲೆಯ ತಳಕ್ಕೆ ಬೀಳುತ್ತದೆ. ಇದರ ಅಗತ್ಯ ತನಗೆ ಬೀಳದೆಂದು ನಂಬಿ ಅಂಗಡಿಯಲ್ಲಿ ಇದನ್ನು ಕೈಬಿಟ್ಟವರು ಬಹು ಮಂದಿ. ಮೊದಲ ವಾರದೊಳಗೆ ಮರಳಿ ಬಂದು ಕೊಂಡವರೂ ಅಷ್ಟೇ ಮಂದಿ. ಗುಂಡೂ ಕೋಶವೂ ಪುನಃ ಬಳಕೆಗೆ ಬರುತ್ತವೆ. ಮದ್ದಿನ ಗುರುತು ನಿಶ್ಚಿತವಾಗಿಲ್ಲದಿದ್ದರೆ ಅದನ್ನು ಡಬ್ಬಿಗೆ ಸೇರಿಸದೆ ಹಿತ್ತಲ ಹುಲ್ಲಿನ ಮೇಲೆ ತೆಳ್ಳಗೆ ಎರಚಿಬಿಡುವುದು ಅಲ್ಲಿನವರ ರೂಢಿ. ಅದರಲ್ಲಿರುವ ಸಾರಜನಕದಿಂದ ಹುಲ್ಲು ಚೆನ್ನಾಗಿ ಬೆಳೆಯುತ್ತದಂತೆ.