ತಾರ್ಲೆಯ ಅರ್ಕಾವೊತ್ತು ಎಲ್ಲಿಗೆ ಹೋಯಿತು?

ಮಕ್ಕಳೇ, ನಮ್ಮ ಕಡಲಿನ ಎಷ್ಟು ಮೀನುಗಳ ಹೆಸರು ನಿಮಗೆ ಗೊತ್ತು? 2003ರಲ್ಲಿ ಅಂಕೋಲಾ ತಾಲ್ಲೂಕಿನ ಒಂದು ಶಾಲೆಯ ಆರನೇ ತರಗತಿಯ ಮಕ್ಕಳು ಮನೆಯಲ್ಲಿ, ಮೀನುಪೇಟೆಯಲ್ಲಿ ಕೇಳಿ ಒಂದು ಪಟ್ಟಿ ಮಾಡಿದ್ದರು. ಬಂಗಡೆ, ತಾರ್ಲೆ, ಶೆಟ್ಲಿ ಹೀಗೆ 42 ಹೆಸರುಗಳು. ಶೆಟ್ಲಿ ಮೀನೇ ಅಲ್ಲ ಎಂದು ಒಬ್ಬ ಹುಡುಗಿ ತಕರಾರು ತೆಗೆದಳು. ಅವಳು ಹೇಳಿದ್ದು ಸರಿ, ಆದರೂ ಪಟ್ಟಿಯಲ್ಲಿ ಉಳಿಸಿಕೊಂಡೆವು.

ಆ ಪಟ್ಟಿಯನ್ನು ನಾನು ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿ, ಫ್ಲಾಪಿಯಲ್ಲಿ ಹಾಕಿಕೊಂಡು, ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಕಾರವಾರಕ್ಕೆ ಬಸ್ಸು ಹತ್ತಿದೆ. ಅಲ್ಲಿನ ಗಣಕಯಂತ್ರದಲ್ಲಿ ಕಡತ ತೆರೆದರೆ ಒಂದೇ ಒಂದು ಕನ್ನಡ ಅಕ್ಷರವಿಲ್ಲ! ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಶೇಕಡಾ ಚಿಹ್ನೆ, ಅಡ್ಡಗೆರೆ. ಮಕ್ಕಳು ನೆನಪಿದ್ದಷ್ಟು ಹೆಸರುಗಳನ್ನು ಡ್ರಾಯಿಂಗ್ ಹಾಳೆಯ ಮೇಲೆ ಬರೆದು ಅಂದಿನ ಮಾನ ಉಳಿಸಿದರು. ಅವರ ಮೂಲ ನೋಟ್‌ಬುಕ್ ಮುಂದಿನ ಮಳೆಗಾಲದಲ್ಲಿ ನೆನೆದು ಹಾಳಾಯಿತು. ಪೂರ್ತಿ ಪಟ್ಟಿ ಉಳಿದದ್ದು ಆ ಓದಲಾಗದ ಕಡತದಲ್ಲಿ ಮಾತ್ರ.

ಹೀಗೇಕಾಯಿತು? ಗಣಕಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಇಂಗ್ಲಿಷಿನ ದೊಡ್ಡ 'ಎ' ಅಕ್ಷರಕ್ಕೆ 65, 'ಬಿ'ಗೆ 66. ಆಗಿನ ಅನೇಕ ಕನ್ನಡ ತಂತ್ರಾಂಶಗಳು ಇದೇ ಸಂಖ್ಯೆಗಳನ್ನು ಇಟ್ಟುಕೊಂಡು, ಅವುಗಳ ಚಿತ್ರವನ್ನು ಮಾತ್ರ ಕನ್ನಡಕ್ಕೆ ಬದಲಾಯಿಸುತ್ತಿದ್ದವು. ಯಕ್ಷಗಾನದ ವೇಷ ಇದ್ದ ಹಾಗೆ. ಮೇಲೆ ಕನ್ನಡದ ವೇಷ, ಒಳಗೆ ಇಂಗ್ಲಿಷಿನ ಸಂಖ್ಯೆ. ಆ ವೇಷದ ಪೆಟ್ಟಿಗೆಗೆ ಫಾಂಟ್ ಎಂದು ಹೆಸರು. ನಾನು ಫ್ಲಾಪಿಯಲ್ಲಿ ಪಾತ್ರಧಾರಿಗಳನ್ನು ಮಾತ್ರ ಒಯ್ದಿದ್ದೆ, ಪೆಟ್ಟಿಗೆ ಅಂಕೋಲೆಯಲ್ಲೇ ಉಳಿದಿತ್ತು. ಒಂದೊಂದು ತಂತ್ರಾಂಶಕ್ಕೆ ಒಂದೊಂದು ಪೆಟ್ಟಿಗೆ ಇದ್ದದ್ದು ಇನ್ನೊಂದು ತೊಡಕು.

ಕನ್ನಡವನ್ನು ಗಣಕಯಂತ್ರಕ್ಕೆ ತಂದವರಲ್ಲಿ ದೊಡ್ಡ ಕಂಪನಿಗಳಿಗಿಂತ ಮೊದಲು ನೆನೆಯಬೇಕಾದವರು ಸ್ವಂತ ಆಸಕ್ತಿಯಿಂದ ಕುಳಿತು ತಂತ್ರಾಂಶ ಬರೆದವರು. ಕೆ.ಪಿ. ರಾವ್ ಎಂದೇ ಪ್ರಸಿದ್ಧರಾದ ಕಿನ್ನಿಕಂಬಳ ಪದ್ಮನಾಭ ರಾವ್ ಅವರು ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡ ಬರೆಯುವ ವಿನ್ಯಾಸ ರೂಪಿಸಿದರು. ಅಮೆರಿಕದಲ್ಲಿ ಎಂಜಿನಿಯರ್ ಆಗಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಬಿಡುವಿನ ವೇಳೆಯಲ್ಲಿ 'ಬರಹ' ತಂತ್ರಾಂಶ ಬರೆದು 1998ರಲ್ಲಿ ಹೊರತಂದರು. ಬಹಳ ವರ್ಷ ಅದು ಉಚಿತವಾಗಿ ಸಿಗುತ್ತಿತ್ತು.

'ಬರಹ'ದೊಳಗಿನ ಉಪಾಯ ನಿಮಗೆ ಎರಡನೇ ತರಗತಿಯಲ್ಲೇ ಗೊತ್ತಿದೆ. ಅದು ಕಾಗುಣಿತ! ಇಂಗ್ಲಿಷಿನ 'ಕೆ' ಒತ್ತಿದರೆ ತಂತ್ರಾಂಶ 'ಕ್' ಎಂದು ಬರೆದುಕೊಂಡು ಕಾಯುತ್ತದೆ. ಮುಂದೆ 'ಎ' ಬಂದರೆ ಕ್ + ಅ = ಕ. 'ಐ' ಕೀಲಿ ಬಂದರೆ ಕಿ. ಸ್ವರ ಬರದೆ ಇನ್ನೊಂದು ವ್ಯಂಜನ ಬಂದರೆ ಒತ್ತಕ್ಷರ. "ಹೀಗಾದರೆ ಹೀಗೆ ಮಾಡು" ಎಂಬ ಇಂಥ ನಿಯಮಗಳ ಸಾಲೇ ತಂತ್ರಾಂಶ. 'ಕನ್ನಡ' ಎಂದು ಬರೆಯಲು ಇಲ್ಲಿ 7 ಅಕ್ಷರ ಒತ್ತಬೇಕು. ಕೆ.ಪಿ. ರಾವ್ ವಿನ್ಯಾಸದಲ್ಲಿ 5 ಸಾಕು, ಏಕೆಂದರೆ ಅಲ್ಲಿ 'ಕೆ' ಒತ್ತಿದೊಡನೆ 'ಕ' ಬರುತ್ತದೆ. ಒತ್ತಕ್ಷರ ಬೇಕಾದಾಗ 'ಎಫ್' ಕೀಲಿ ಅರ್ಧಾಕ್ಷರ ಮಾಡಿಕೊಡುತ್ತದೆ.

ಇದನ್ನೆಲ್ಲ ಓದಿದ ಮೇಲೆ ನನಗೂ ಧೈರ್ಯ ಬಂತು. ಹಳೆಯ ಕಡತವನ್ನು ಬಿಡಿಸಲು ನಾನೇ ಒಂದು ಪುಟ್ಟ ತಂತ್ರಾಂಶ ಬರೆಯಲು ಕುಳಿತೆ. ಪಟ್ಟಿಯ ಮೊದಲ ಸಾಲು 'ನಮ್ಮ ಊರಿನ ಮೀನುಗಳು' ಎಂದು ನೆನಪಿತ್ತು. ಅದರಿಂದ ಯಾವ ಗುರುತು ಯಾವ ಅಕ್ಷರ ಎಂದು ಒಂದಿಷ್ಟು ತಿಳಿಯಿತು. ಅವನ್ನು ಬಳಸಿ ಮುಂದಿನ ಹೆಸರುಗಳನ್ನು ಊಹಿಸಿದೆ. ಹೀಗೆ ಎಡಕ್ಕೆ ಹಳೆಯ ಗುರುತು, ಬಲಕ್ಕೆ ಕನ್ನಡ ಅಕ್ಷರ ಇರುವ ಕೋಷ್ಟಕ ಬೆಳೆಯಿತು. ಕೋಷ್ಟಕ ನೋಡಿ ಬದಲಾಯಿಸುವುದಷ್ಟೇ ತಂತ್ರಾಂಶದ ಕೆಲಸ.

ಓಡಿಸಿದೆ. 'ಬಂಗಡೆ' ಸರಿಯಾಗಿ ಬಂತು. ಆದರೆ 'ತಾರ್ಲೆ' ಬರಬೇಕಾದಲ್ಲಿ 'ತಾಲೆರ್' ಬಂತು! ನೀವು 'ತಾರ್ಲೆ' ಎಂದು ಬರೆದು ನೋಡಿ. ಬಾಯಲ್ಲಿ ರ್ ಮೊದಲು, ಆಮೇಲೆ ಲೆ. ಕಾಗದದ ಮೇಲೆ ಲೆ ಮೊದಲು, ಅರ್ಕಾವೊತ್ತು ಆಮೇಲೆ. ಹಳೆಯ ಕಡತ ಕಣ್ಣಿಗೆ ಕಾಣುವ ಕ್ರಮದಲ್ಲಿತ್ತು, ನನಗೆ ಬೇಕಾದದ್ದು ಬಾಯಿಯ ಕ್ರಮ. "ಅರ್ಕಾವೊತ್ತು ಕಂಡರೆ ಅದನ್ನು ಹಿಂದಿನ ಅಕ್ಷರದ ಮುಂದಕ್ಕೆ ಒಯ್ಯಿ" ಎಂಬ ಇನ್ನೊಂದು ನಿಯಮ ಸೇರಿಸಲು ನನಗೆ ಎರಡು ಸಂಜೆ ಹಿಡಿಯಿತು.

ಈಗ 41 ಹೆಸರುಗಳು ಓದಲು ಬರುತ್ತವೆ. ಒಂದು ಹೆಸರಿನಲ್ಲಿರುವ ಒಂದು ಗುರುತು ಕಡತದಲ್ಲಿ ಬೇರೆಲ್ಲೂ ಬಂದಿಲ್ಲ. ಹೋಲಿಸಿ ನೋಡಲು ಏನೂ ಇಲ್ಲದ್ದರಿಂದ ಅದು ಹಾಗೇ ಉಳಿದಿದೆ. ಆಗ ಪಟ್ಟಿ ಮಾಡಿದವರಲ್ಲಿ ಯಾರಾದರೂ ಸಿಕ್ಕರೆ ಕೇಳಬೇಕು.

ಇಂದು ಈ ಗೋಜು ಕಡಿಮೆ. ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಪದ್ಧತಿ ಇದೆ. ಕನ್ನಡ ಅದರಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಇದ್ದರೂ, ಎಲ್ಲ ಕಡೆ ಬಳಕೆಗೆ ಬರಲು ವರ್ಷಗಳೇ ಬೇಕಾದವು. ಅದರಲ್ಲಿ 'ಕ'ಕ್ಕೆ 3221, ದೀರ್ಘದ ಇಳಿಗೆ 3262, 'ರ'ಕ್ಕೆ 3248, 'ವ'ಕ್ಕೆ 3253. ಆದ್ದರಿಂದ ಗಣಕಯಂತ್ರಕ್ಕೆ 'ಕಾರವಾರ' ಎಂದರೆ 3221, 3262, 3248, 3253, 3262, 3248.

ನಿಮ್ಮ ಶಾಲೆಯಲ್ಲಿ ಗಣಕಯಂತ್ರ ಇಲ್ಲದಿದ್ದರೂ ಚಿಂತೆಯಿಲ್ಲ, ಕಾಗದ ಪೆನ್ಸಿಲ್ ಸಾಕು. ಇದು ಯಾವ ಊರು ಹೇಳಿ: 3205, 3202, 3221, 3275, 3250, 3262. ಎರಡು ಸಂಖ್ಯೆ ನಿಮಗೆ ಆಗಲೇ ಗೊತ್ತು. ಉಳಿದ ನಾಲ್ಕನ್ನು ಊಹಿಸಿ. ಉತ್ತರ ಈ ಲೇಖನದ ಮೊದಲ ಪ್ಯಾರಾದಲ್ಲೇ ಇದೆ.