ಚಕ್ರದ ಮೇಲಿನ ಹಳೆಮನೆಗೆ ಬಿಡಿಭಾಗ ಎಲ್ಲಿ?

ಹಾಸಿಗೆ, ಒಲೆ, ನೀರಿನ ತೊಟ್ಟಿ, ಪುಟ್ಟದೊಂದು ಬಚ್ಚಲು ಎಲ್ಲವನ್ನೂ ಹೊತ್ತುಕೊಂಡು ಊರೂರು ತಿರುಗುವ ಮನೆಯೊಂದು ನಮಗಿದ್ದರೆ ಹೇಗಿರುತ್ತದೆ? ಬೇಸಿಗೆ ರಜೆ ಬಂತೆಂದರೆ ಇಂಥ ಕನಸು ಕಾಣದ ಮಕ್ಕಳು ಕಡಿಮೆ. ಅಮೆರಿಕದಲ್ಲಿ ಈ ಕನಸಿಗೆ ಮೋಟಾರ್ ಹೋಮ್ ಎಂದು ಹೆಸರು. ಹೊಸದನ್ನು ಕೊಳ್ಳುವುದು ಅಲ್ಲಿಯವರಿಗೂ ದುಬಾರಿಯೇ. ಹೀಗಾಗಿ ಸಾಧಾರಣ ವರಮಾನದ ಕುಟುಂಬಗಳು, ಆಗಷ್ಟೇ ಓದು ಮುಗಿಸಿದ ತರುಣರು ಹಳೆಯ, ಚಿಕ್ಕ ಮೋಟಾರ್ ಹೋಮ್‌ಗಳ ಬೆನ್ನು ಹತ್ತುತ್ತಾರೆ.

ಹಾಗೆ ಹುಡುಕುವವರ ಕಣ್ಣಿಗೆ ಮೊದಲು ಬೀಳುವುದು ಟೊಯೋಟಾ ಮಿನಿ ಮೋಟಾರ್ ಹೋಮ್. 1970ರ ದಶಕದಿಂದ 1990ರ ದಶಕದ ಆರಂಭದವರೆಗೆ ಅಮೆರಿಕದಲ್ಲಿ ಮಾರಾಟವಾದ ಗಾಡಿ ಇದು. ಉದ್ದ ಸುಮಾರು 18ರಿಂದ 21 ಅಡಿ. ಎಂಜಿನ್ನು ಗಟ್ಟಿ, ಪೆಟ್ರೋಲ್ ಖರ್ಚು ದೊಡ್ಡ ಮೋಟಾರ್ ಹೋಮ್‌ಗಳಿಗಿಂತ ಬಹಳ ಕಡಿಮೆ. ಮನೆಯಂಗಳದಲ್ಲಿ ವರ್ಷಗಟ್ಟಲೆ ನಿಂತಿದ್ದು ಅಗ್ಗಕ್ಕೆ ಸಿಗುವುದೂ ಉಂಟು.

ಆದರೆ ಗಾಡಿ ಕೊಂಡ ಮೇಲೆ ನಿಜವಾದ ಪರೀಕ್ಷೆ ಶುರುವಾಗುತ್ತದೆ. ಮೂವತ್ತು ನಲವತ್ತು ವರ್ಷ ಹಳೆಯ ಗಾಡಿಗೆ ಬಿಡಿಭಾಗ ಎಲ್ಲಿ ಸಿಗುತ್ತದೆ? ಟೈರು ಎಂಥದು ಹಾಕಬೇಕು? ಇದು ಬರೀ ಅಂಗಡಿ ಸುತ್ತುವ ಪ್ರಶ್ನೆಯಲ್ಲ. ಹೆದ್ದಾರಿಯಲ್ಲಿ ಹಿಂದಿನ ಚಕ್ರ ಕಳಚಿ ಬಿದ್ದರೆ ಒಳಗಿರುವ ಹೆಂಡತಿ ಮಕ್ಕಳ ಗತಿಯೇನು ಎಂಬ ಪ್ರಶ್ನೆ. ಇದಕ್ಕೆ ಉತ್ತರ ಕಂಡುಕೊಳ್ಳಲು ಬೇಕಾಗುವುದು ಪ್ರೌಢಶಾಲೆಯ ವಿಜ್ಞಾನ ಮತ್ತು ಲೆಕ್ಕ!

ಒಂದು ಗಾಡಿ, ಎರಡು ತವರು

ಮೊದಲು ತಿಳಿಯಬೇಕಾದ್ದು ಈ ಗಾಡಿಯನ್ನು ಒಬ್ಬರೇ ಮಾಡಿದ್ದಲ್ಲ ಎಂಬುದು. ಚಾಲಕ ಕೂರುವ ಮುಂಭಾಗ, ಎಂಜಿನ್ನು, ಷಾಸಿ ಇವು ಟೊಯೋಟಾ ಕಂಪನಿಯವು. ಅದರ ಬೆನ್ನ ಮೇಲೆ ಮನೆ ಕಟ್ಟಿದವರು ವಿನ್ನೆಬೇಗೋದಂಥ ಅಮೆರಿಕದ ಬೇರೆ ಬೇರೆ ಕಂಪನಿಗಳವರು. ಹೀಗಾಗಿಯೇ ಡಾಲ್ಫಿನ್, ಸನ್‌ರೇಡರ್, ವಾರಿಯರ್ ಎಂದು ಹತ್ತಾರು ಹೆಸರುಗಳು. ನಮ್ಮಲ್ಲಿ ಲಾರಿಯ ಷಾಸಿ ತಂದು ಬಾಡಿ ಕಟ್ಟಿಸುವುದಿಲ್ಲವೇ, ಹಾಗೆಯೇ.

ಆದ್ದರಿಂದ ಅಂಗಡಿಗೆ ಹೋಗಿ 'ಡಾಲ್ಫಿನ್ ಗಾಡಿಯ ಬ್ರೇಕು ಕೊಡಿ' ಎಂದರೆ ಅಂಗಡಿಯಾತ ಕೈ ಆಡಿಸುತ್ತಾನೆ. 'ಟೊಯೋಟಾ ಪಿಕಪ್, ಇಂಥ ವರ್ಷದ್ದು, ಇಂಥ ಎಂಜಿನ್ನು' ಎಂದು ಕೇಳಬೇಕು. ಇಲ್ಲೂ ಒಂದು ತೊಡಕಿದೆ. ಷಾಸಿ ತಯಾರಾದ ವರ್ಷವೇ ಮನೆ ಕಟ್ಟಿ ಮಾರಬೇಕೆಂದೇನೂ ಇಲ್ಲ. 1986ರ ಮೋಟಾರ್ ಹೋಮ್ ಎಂದು ಕಾಗದಪತ್ರದಲ್ಲಿದ್ದರೂ ಷಾಸಿ 1985ರದಾಗಿರಬಹುದು. ಬಿಡಿಭಾಗ ಕೇಳುವಾಗ ಹೇಳಬೇಕಾದ್ದು ಷಾಸಿಯ ವರ್ಷವನ್ನು. ಅದನ್ನು ಪತ್ತೆ ಮಾಡಲು ಗಾಡಿಯ ಗುರುತಿನ ಸಂಖ್ಯೆ ನೋಡಬೇಕು. ಅಮೆರಿಕದಲ್ಲಿ 1981ರ ಮಾದರಿಗಳಿಂದ ಈ ಸಂಖ್ಯೆಗೆ 17 ಅಕ್ಷರ ಮತ್ತು ಅಂಕಿಗಳು. ಅದರಲ್ಲಿ ಹತ್ತನೆಯದು ಮಾದರಿಯ ವರ್ಷವನ್ನು ಸೂಚಿಸುತ್ತದೆ.

ಎಂಜಿನ್ನಿನ ವಿಷಯದಲ್ಲಿ ಮಾಲೀಕರು ಅದೃಷ್ಟವಂತರು. 1980ರ ದಶಕದ ಬಹುಪಾಲು ಗಾಡಿಗಳಲ್ಲಿರುವುದು 22ಆರ್ ಅಥವಾ 22ಆರ್‌ಇ ಎಂಬ 2.4 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನು. ಇದೇ ಎಂಜಿನ್ನನ್ನು ಟೊಯೋಟಾದವರು ಪಿಕಪ್‌ಗೂ ಹಾಕಿದರು, ಸೆಲಿಕಾ ಕಾರಿಗೂ ಹಾಕಿದರು. ಲಕ್ಷಗಟ್ಟಲೆ ಓಡಿದ ಎಂಜಿನ್ನಿಗೆ ಬಿಡಿಭಾಗ ಮಾಡುವವರು ಇಂದಿಗೂ ಇದ್ದಾರೆ. ಮೋಟಾರ್ ಹೋಮ್ ಅಪರೂಪದ್ದಾದರೂ ಅದರ ಬಳಗ ದೊಡ್ಡದು. ನಮ್ಮಲ್ಲಿ ಕಾಂಟೆಸ್ಸಾ ಇಟ್ಟುಕೊಂಡವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಕಾಂಟೆಸ್ಸಾ ರಸ್ತೆಯಿಂದ ಮರೆಯಾದ ಮೇಲೂ ಅದರ ಇಸುಜು ಎಂಜಿನ್ನು ಅಂಬಾಸಿಡರ್‌ನಲ್ಲಿ ಉಳಿದಿತ್ತು. ಬಳಗ ಗೊತ್ತಿದ್ದವನಿಗೆ ಭಾಗ ಸಿಗುತ್ತದೆ.

ಗುಜರಿಯಲ್ಲಿ ವಿದ್ಯೆ

ಅಮೆರಿಕದ ಗುಜರಿ ಅಂಗಳಗಳು ಎಕರೆಗಟ್ಟಲೆ ಹರಡಿರುತ್ತವೆ. ಹಲವು ಕಡೆ ಗಿರಾಕಿಯೇ ಸ್ಪ್ಯಾನರ್ ಹಿಡಿದು ಒಳಗೆ ಹೋಗಿ ಬೇಕಾದ ಭಾಗ ಬಿಚ್ಚಿಕೊಂಡು ಬರಬಹುದು. ಯಾವ ಗಾಡಿಯ ಭಾಗ ಯಾವ ಗಾಡಿಗೆ ಕೂಡುತ್ತದೆ ಎಂದು ಹೇಳುವುದಕ್ಕೇ ಅಲ್ಲಿ ಗ್ರಂಥಗಳುಂಟು. ಹಾಲಂಡರ್ ಎಂಬ ಹೆಸರಿನ ಇಂಥ ಕೋಷ್ಟಕ 1934ರಿಂದ ನಡೆದುಬಂದಿದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅನುಭವಸ್ಥ ವ್ಯಾಪಾರಿಗಳು ತಲೆಯಲ್ಲಿಟ್ಟುಕೊಂಡಿರುವುದನ್ನು ಅವರು ಪುಸ್ತಕಕ್ಕೆ ಇಳಿಸಿದ್ದಾರೆ ಅನ್ನಿ.

ಭಾಗದ ಮೇಲಿನ ಸಂಖ್ಯೆಯೂ ಒಂದು ಭಾಷೆಯೇ. ಟೊಯೋಟಾ ಬಿಡಿಭಾಗದ ಸಂಖ್ಯೆ ಸಾಮಾನ್ಯವಾಗಿ ಐದು ಮತ್ತು ಐದರ ಎರಡು ಗುಂಪು. ಮೊದಲ ಗುಂಪು ಅದು ಎಂಥ ಭಾಗ ಎಂದು ಹೇಳುತ್ತದೆ. ಎರಡನೆಯದು ಯಾವ ಮಾದರಿಗೆ, ಯಾವ ಬಗೆ ಎಂದು ವಿಂಗಡಿಸುತ್ತದೆ. ಹಳೆಯ ಭಾಗವನ್ನು ಎಸೆಯುವ ಮುನ್ನ ಅದರ ಮೇಲಿನ ಸಂಖ್ಯೆ ಬರೆದಿಟ್ಟುಕೊಂಡರೆ ಅರ್ಧ ಹುಡುಕಾಟ ಮುಗಿದಂತೆ.

ಮನೆಯ ಭಾಗಗಳ ಕಥೆ ಬೇರೆ. ಒಲೆ, ಫ್ರಿಜ್ಜು, ನೀರಿನ ಪಂಪು ಇವನ್ನು ಮನೆ ಕಟ್ಟಿದ ಕಂಪನಿಗಳೂ ಹೊರಗಿನಿಂದಲೇ ಕೊಂಡು ಹಾಕಿದ್ದವು. ಆದ್ದರಿಂದ ಅಲ್ಲಿ ಗಾಡಿಯ ಹೆಸರಿಗಿಂತ ಉಪಕರಣದ ತಗಡಿನ ಮೇಲಿನ ಹೆಸರು ಮತ್ತು ಅಳತೆ ಮುಖ್ಯ. ಚಾವಣಿಯ ಗಾಳಿಕಿಂಡಿಯನ್ನೇ ನೋಡಿ. ಅದರ ರಂಧ್ರ ಸಾಮಾನ್ಯವಾಗಿ 14 ಇಂಚಿನ ಚೌಕ. ಇಂದಿನ ಹೊಸ ಕಿಂಡಿಯೂ ಅದಕ್ಕೆ ಕೂಡುತ್ತದೆ. ಮುಂದಿನ ಗಾಜು ಒಡೆದರೆ ಪಿಕಪ್‌ನದು ಸಿಗುತ್ತದೆ. ಆದರೆ ಮನೆಯ ಪಕ್ಕದ ಕಿಟಕಿ ಒಡೆದರೆ ಕಷ್ಟ. ಗಾಜು ಕತ್ತರಿಸಿ ಕೂರಿಸುವವರನ್ನು ಹುಡುಕಬೇಕು.

ಎತ್ತಿನ ಗಾಡಿಯ ಪಾಠ

ಇನ್ನು ಜೀವದ ಪ್ರಶ್ನೆಗೆ ಬರೋಣ. ಮೊದಮೊದಲ ಗಾಡಿಗಳಲ್ಲಿ ಹಗುರ ಪಿಕಪ್‌ನ ಹಿಂದಿನ ಆಕ್ಸಲ್ಲನ್ನೇ ಉಳಿಸಿಕೊಂಡು ಅದರ ಮೇಲೆ ಮನೆ ಕಟ್ಟಿದರು. ಭಾರ ಹೆಚ್ಚಾಯಿತೆಂದು ಹೊರಗೆ ಇನ್ನೊಂದು ಜೊತೆ ಚಕ್ರ ಸೇರಿಸಿದರು. ನೋಡುವುದಕ್ಕೆ ಲಾರಿಯ ಜೋಡಿ ಚಕ್ರದಂತೆಯೇ ಕಾಣುತ್ತಿತ್ತು. ಆದರೆ ಟೈರು ಎರಡಾದವೇ ಹೊರತು ಅವುಗಳ ಭಾರ ಹೊರುವ ಬೇರಿಂಗು ಪಕ್ಕಕ್ಕೆ ಒಂದೇ ಉಳಿಯಿತು. ಬೇರಿಂಗು ಸವೆಯುವುದು, ಆಕ್ಸಲ್ ಮುರಿಯುವುದು, ಚಕ್ರ ಕಳಚಿ ಹೋಗುವುದು ಇವೆಲ್ಲ ನಡೆದವು.

ಕಾರಣ ತಿಳಿಯಲು ನಮ್ಮ ಎತ್ತಿನ ಗಾಡಿಯನ್ನು ನೆನೆಸಿಕೊಳ್ಳಿ. ಅದರ ಅಚ್ಚು ತಿರುಗುವುದಿಲ್ಲ. ಭಾರ ಹೊತ್ತು ಸುಮ್ಮನಿರುತ್ತದೆ. ತಿರುಗುವುದು ಚಕ್ರ ಮಾತ್ರ. ಹಗುರ ಪಿಕಪ್‌ನಲ್ಲಾದರೋ ಆಕ್ಸಲ್‌ನ ಸರಳೇ ಗಾಡಿಯ ಭಾರವನ್ನೂ ಹೊರಬೇಕು, ಚಕ್ರವನ್ನೂ ತಿರುಗಿಸಬೇಕು. ತಲೆಯ ಮೇಲೆ ಮೂಟೆ ಹೊತ್ತವನ ಕೈಗೇ ಬೀಸುವ ಕಲ್ಲನ್ನೂ ಕೊಟ್ಟಂತೆ. ಭಾರ ಕಡಿಮೆ ಇದ್ದಾಗ ನಡೆಯುತ್ತದೆ, ಹೆಚ್ಚಾದಾಗ ಸೊಂಟ ಮುರಿಯುತ್ತದೆ.

1980ರ ದಶಕದ ನಡುವಿನಿಂದ ಬಂದ ಒಂದು ಟನ್ ದರ್ಜೆಯ ಷಾಸಿಯಲ್ಲಿ ಈ ಎರಡು ಕೆಲಸಗಳನ್ನು ಬೇರೆ ಮಾಡಿದರು. ಹೊರಗಿನ ಕೊಳವೆ ಎತ್ತಿನ ಗಾಡಿಯ ಅಚ್ಚಿನಂತೆ ಭಾರ ಹೊರುತ್ತದೆ. ಒಳಗಿನ ಸರಳು ಚಕ್ರ ತಿರುಗಿಸುತ್ತದೆ, ಅಷ್ಟೆ. ಇದಕ್ಕೆ ಫುಲ್ ಫ್ಲೋಟಿಂಗ್ ಆಕ್ಸಲ್ ಎನ್ನುತ್ತಾರೆ. ಹಳೆಯ ಗಾಡಿಗಳನ್ನು ಹಿಂದಕ್ಕೆ ಕರೆಸಿ ಆಕ್ಸಲ್ ಬದಲಾಯಿಸಿಕೊಡುವ ಏರ್ಪಾಡೂ ಆಯಿತು. ಆದರೂ ಬದಲಾಗದೆ ಉಳಿದವು ಅಲ್ಲಲ್ಲಿ ಇವೆ.

ಗುರುತು ಹಿಡಿಯುವುದು ಸುಲಭ. ಹಿಂದಿನ ಚಕ್ರದ ನಟ್ಟುಗಳನ್ನು ಎಣಿಸಬೇಕು. ಐದಿದ್ದರೆ ಎಚ್ಚರ! ಆರಿದ್ದು, ಚಕ್ರದ ನಡುವಿನಿಂದ ಗುಬುಟು ಹೊರಚಾಚಿದ್ದರೆ ಸಾಮಾನ್ಯವಾಗಿ ಗಟ್ಟಿ ಆಕ್ಸಲ್ ಎಂದರ್ಥ. ಕೊಳ್ಳುವ ಮುನ್ನ ತಿಳಿದ ಮೆಕ್ಯಾನಿಕ್‌ಗೆ ತೋರಿಸುವುದಂತೂ ಇದ್ದೇ ಇದೆ. ಗಟ್ಟಿ ಆಕ್ಸಲ್ಲನ್ನು ಗುಜರಿಯಿಂದ ತರುವವರು ಅದರ ಬ್ರೇಕು, ರಿಮ್ಮುಗಳನ್ನೂ ಜೊತೆಗೇ ತರಬೇಕು. ಐದು ನಟ್ಟಿನ ಹಳೆಯ ರಿಮ್ಮು ಆರು ನಟ್ಟಿಗೆ ಕೂರುವುದಿಲ್ಲವಲ್ಲ!

ಟೈರು ಓದುವುದು ಹೇಗೆ?

ಈ ಗಾಡಿಗಳಿಗೆ ಹೆಚ್ಚಾಗಿ ಬೇಕಾಗುವ ಟೈರಿನ ಅಳತೆ 185ಆರ್14. 185 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 'ಆರ್' ಎಂದರೆ ರೇಡಿಯಲ್. 14 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಇಷ್ಟು ನೋಡಿ ಟೈರು ಕೊಂಡವರು ಮೋಸ ಹೋಗುತ್ತಾರೆ. ಇನ್ನೊಂದು ಸಂಖ್ಯೆ ಇದೆ. ಅದು ಭಾರದ ಸೂಚಿ.

ಸಣ್ಣ ಸಾಗಣೆ ವಾಹನಗಳಿಗೆಂದು ಮಾಡಿದ 185ಆರ್14 ಟೈರಿನ ಮೇಲೆ 102/100 ಎಂದು ಬರೆದಿರುವುದುಂಟು. ಸೂಚಿ 102 ಎಂದರೆ 850 ಕಿಲೋ, 100 ಎಂದರೆ 800 ಕಿಲೋ. ಒಂಟಿ ಚಕ್ರವಾದರೆ 850, ಜೋಡಿಯಲ್ಲಾದರೆ ಒಂದೊಂದಕ್ಕೆ 800. ಜೋಡಿಯಲ್ಲಿ ಕಡಿಮೆ ಏಕೆ? ನೊಗಕ್ಕೆ ಕಟ್ಟಿದ ಎರಡು ಎತ್ತು ಎಂದೂ ಸರಿಸಮ ಎಳೆಯುವುದಿಲ್ಲ. ಹಾಗೆಯೇ ಎರಡು ಟೈರು ಭಾರವನ್ನು ಸರಿಯಾಗಿ ಹಂಚಿಕೊಳ್ಳುವುದಿಲ್ಲ. ಜೊತೆಗೆ ನಡುವೆ ಗಾಳಿಯಾಡದೆ ಬಿಸಿಯೂ ಹೆಚ್ಚು.

ಅದೇ 14 ಇಂಚಿನ ರಿಮ್ಮಿಗೆ ಕೂರುವ ಕಾರಿನ ಟೈರಿನ ಸೂಚಿ 88 ಎಂದಿಟ್ಟುಕೊಳ್ಳಿ. ಅದು ಹೊರುವುದು 560 ಕಿಲೋ ಮಾತ್ರ. ಒಂದೊಂದು ಟೈರಿಗೆ 240 ಕಿಲೋ, ಅಂದರೆ ಮೂರು ನಾಲ್ಕು ಜನರ ತೂಕ ಖೋತಾ! ಬೆಲೆ ಕಡಿಮೆಯೆಂದು ಅದನ್ನು ಹಾಕಿಸಿದವರು ಎಷ್ಟು ಉಳಿಸಿದರು? ಇನ್ನು ಹಿಂದೆ ಕಟ್ಟಿ ಎಳೆಯುವ ಟ್ರೈಲರ್‌ಗೆಂದೇ ಮಾಡಿದ 'ಎಸ್‌ಟಿ' ಟೈರುಗಳೂ ಅಲ್ಲಿ ಧಾರಾಳ. ಭಾರ ಹೊರುತ್ತವೆ, ನಿಜ. ಆದರೆ ಎಂಜಿನ್ನಿನ ಸೆಳೆತ, ಸ್ಟೀರಿಂಗಿನ ತಿರುವು ತಡೆಯಲು ಮಾಡಿದವಲ್ಲ. ಅವೂ ಬೇಡ.

ಗಟ್ಟಿ ಟೈರು ಹಾಕಿಸಿದ ಮಾತ್ರಕ್ಕೆ ಹೆಚ್ಚು ಸಾಮಾನು ತುಂಬಬಹುದೆಂದೂ ತಿಳಿಯಬಾರದು. ಹಿಂದಿನ ನಾಲ್ಕು ಟೈರು ಸೇರಿ 3,200 ಕಿಲೋ ಹೊತ್ತಾವು. ಆದರೆ ಆಕ್ಸಲ್ ಅಷ್ಟು ಹೊರುವುದಿಲ್ಲ. ಆಕ್ಸಲ್‌ನ ಮಿತಿಯೇ ಗಾಡಿಯ ಮಿತಿ. 75 ಲೀಟರ್ ನೀರು ತುಂಬಿದರೆ 75 ಕಿಲೋ ಏರಿತು ಎಂಬ ಲೆಕ್ಕ ಸದಾ ತಲೆಯಲ್ಲಿರಬೇಕು.

ಜೋಡಿ ಚಕ್ರದಲ್ಲಿ ಒಳಗಿನ ಟೈರಿಗೆ ಕೈ ಎಟುಕುವುದಿಲ್ಲ. ಗಾಳಿ ನೋಡಲು ಬೇಸರಪಟ್ಟು ಬಿಡುವವರೇ ಹೆಚ್ಚು. ಅದು ಪಂಕ್ಚರ್ ಆದರೂ ಹೊರಗಿನವರಿಗೆ ಕಾಣದು. ಆಗ ಹೊರಗಿನ ಟೈರು ಇಬ್ಬರ ಭಾರ ಒಬ್ಬನೇ ಹೊತ್ತು, ಬಿಸಿಯಾಗಿ ಸಿಡಿಯುತ್ತದೆ. ಉದ್ದ ಕುತ್ತಿಗೆಯ ವಾಲ್ವು ಹಾಕಿಸಿದರೆ ಈ ತಾಪತ್ರಯ ತಪ್ಪುತ್ತದೆ.

ಸವೆಯದೆ ಸಾಯುವ ಟೈರು

ಮೋಟಾರ್ ಹೋಮ್ ವರ್ಷಕ್ಕೆ ಹತ್ತು ಹದಿನೈದು ದಿನ ಓಡೀತು. ಉಳಿದ ದಿನ ಬಿಸಿಲಿನಲ್ಲಿ ನಿಂತಿರುತ್ತದೆ. ಆದ್ದರಿಂದ ಟೈರಿನ ಗಂಟುಗಳು ಹೊಸದರಂತೆಯೇ ಕಾಣುತ್ತವೆ. ಮಾರುವವನು ಅದನ್ನೇ ಹೊಗಳುತ್ತಾನೆ. ಆದರೆ ರಬ್ಬರಿಗೂ ಮುಪ್ಪುಂಟು. ಆಮ್ಲಜನಕ, ಓಝೋನ್, ಬಿಸಿಲು ಇವು ಸೇರಿ ಅದನ್ನು ಗಡಸು ಮಾಡಿ ಬಿರುಕು ಬಿಡಿಸುತ್ತವೆ. ಇದನ್ನು ತಡೆಯಲು ರಬ್ಬರಿನಲ್ಲಿ ಮೇಣದಂಥ ರಕ್ಷಕ ದ್ರವ್ಯಗಳನ್ನು ಬೆರೆಸಿರುತ್ತಾರೆ. ಟೈರು ಉರುಳುತ್ತಾ ಬಾಗಿದಾಗ ಅವು ಮೇಲ್ಮೈಗೆ ಬರುತ್ತವೆ. ನಿಂತ ಟೈರಿಗೆ ಆ ಭಾಗ್ಯವೂ ಇಲ್ಲ.

ಟೈರಿನ ವಯಸ್ಸು ಅದರ ಪಕ್ಕದಲ್ಲೇ ಬರೆದಿರುತ್ತದೆ. ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕೂ ಹಿಂದಿನದು, ಮರುಮಾತಿಲ್ಲದೆ ಬಿಚ್ಚಿ ಎಸೆಯಬೇಕಾದ್ದು. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಿ, ಹತ್ತು ವರ್ಷಕ್ಕೆ ಹೇಗಿದ್ದರೂ ಬದಲಿಸಿ ಎಂಬುದು ಹಲವು ಟೈರು ಕಂಪನಿಗಳ ಸಲಹೆ. ಎಂದೂ ಬಳಸದ ಸ್ಟೆಪ್ನಿಗೂ ಇದೇ ಲೆಕ್ಕ.

ನಮ್ಮ ಮನೆಗಳ ಮುಂದೆ ಮೋಟಾರ್ ಹೋಮ್ ಇಲ್ಲದಿರಬಹುದು. ಅಪ್ಪನ ಸ್ಕೂಟರ್ ಇದೆ, ಕಾರಿದೆ, ಮಕ್ಕಳು ಹತ್ತುವ ಶಾಲಾ ವ್ಯಾನು ಇದೆ. ಅವುಗಳ ಟೈರಿನ ಮೇಲೂ ಇಂಥದೇ ನಾಲ್ಕು ಅಂಕಿಗಳಿರುತ್ತವೆ. ಈ ಭಾನುವಾರ ತಂದೆ ಮಕ್ಕಳು ಜೊತೆಯಾಗಿ ಕುಕ್ಕರಗಾಲಲ್ಲಿ ಕೂತು, ಒದ್ದೆ ಬಟ್ಟೆಯಿಂದ ಧೂಳು ಒರೆಸಿ, ಅವನ್ನು ಓದಿ ನೋಡಬಾರದೇಕೆ?